ಓದುಗರ ಪ್ರಶ್ನೆ, ನಮ್ಮ ಉತ್ತರ: ಸಣ್ಣ ಕ್ಯಾಲಿಬರ್ ರೈಫಲ್‌ಗೆ ಕಾಡತೂಸು ತುಂಬುವಾಗ

ಬೆಳೆ ಹಾಳುಮಾಡುವ ಸಣ್ಣ ಪ್ರಾಣಿಗಳನ್ನು ದೂರದಿಂದ ಹೊಡೆಯಲೆಂದೇ ರೂಪುಗೊಂಡ ವಾರ್ಮಿಂಟ್ ರೈಫಲ್‌ಗಳಿಗೆ ಕೈಯಾರೆ ಕಾಡತೂಸು ತುಂಬಿಕೊಳ್ಳುವ, ಅಂದರೆ ಹಿತ್ತಾಳೆಯ ಖಾಲಿ ಕೇಸಿಗೆ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ಮದ್ದು, ಗುಂಡು ಸೇರಿಸಿ ಕಾಡತೂಸು ತಯಾರಿಸುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೋವಿಗೆ ಪರವಾನಗಿ ಇದ್ದ ಮಾತ್ರಕ್ಕೆ ಕಾಡತೂಸು ತುಂಬುವುದಕ್ಕೂ ಅನುಮತಿ ಸಿಕ್ಕಿತೆಂದು ಎಲ್ಲ ದೇಶಗಳ ಕಾನೂನೂ ಹೇಳುವುದಿಲ್ಲ. ತಾವಿರುವಲ್ಲಿನ ನಿಯಮವನ್ನು ಮೊದಲು ತಿಳಿದುಕೊಂಡು ಆಮೇಲೆ ಕೆಲಸಕ್ಕೆ ಇಳಿಯಬೇಕೆಂದು ಕೋರುತ್ತೇವೆ.

ಪ್ರಶ್ನೆ: ದೊಡ್ಡ ಕ್ಯಾಲಿಬರ್ ರೈಫಲ್‌ಗೆ ಬಹುಕಾಲದಿಂದ ಕಾಡತೂಸು ತುಂಬುತ್ತಿದ್ದೇನೆ. ಈಚೆಗೆ .22 ಹಾರ್ನೆಟ್ ಎಂಬ ಚಿಕ್ಕ ಕಾಡತೂಸಿನ ರೈಫಲ್ ಕೊಂಡಿದ್ದೇನೆ. ಸಲಕರಣೆ ಅದೇ, ಕೆಲಸವೂ ಅದೇ ಅಲ್ಲವೇ? ಹೊಸದಾಗಿ ಕಲಿಯಬೇಕಾದದ್ದು ಏನಾದರೂ ಇದೆಯೇ?

ಉತ್ತರ: ಕೆಲಸ ಅದೇ, ಆದರೆ ತಪ್ಪಿಗೆ ಇರುವ ಜಾಗ ಬಹಳ ಕಿರಿದು. ದೊಡ್ಡ ಕೇಸಿನಲ್ಲಿ 60 ಗ್ರೇನ್ ಮದ್ದು ಹಿಡಿಯುತ್ತದೆ ಎಂದುಕೊಳ್ಳೋಣ, ಅಲ್ಲಿ 0.3 ಗ್ರೇನ್ ಹೆಚ್ಚುಕಡಿಮೆಯಾದರೆ ವ್ಯತ್ಯಾಸ ಶೇ. 0.5 ಮಾತ್ರ. ಹಾರ್ನೆಟ್‌ನಂಥ ಕೇಸಿನಲ್ಲಿ 11 ಗ್ರೇನ್ ಆಸುಪಾಸಿನ ಮದ್ದಿಗೆ ಅದೇ 0.3 ಗ್ರೇನ್ ಸೇರಿದರೆ ವ್ಯತ್ಯಾಸ ಶೇ. 2.7 ಆಗುತ್ತದೆ. ಅದರ ಜೊತೆಗೆ ಮದ್ದು ಹೆಚ್ಚಿದ ಪ್ರಮಾಣದಲ್ಲೇ ಒತ್ತಡವೂ ಹೆಚ್ಚುತ್ತದೆಂದು ನಂಬುವ ಹಾಗಿಲ್ಲ. ಗರಿಷ್ಠ ಮಿತಿಯ ಹತ್ತಿರ ಹೋದಂತೆ ಅದು ಮದ್ದಿನ ಲೆಕ್ಕವನ್ನು ಮೀರಿ ಏರುತ್ತದೆ. ಒಂದು ಗ್ರೇನ್ ಎಂದರೆ 64.8 ಮಿಲಿಗ್ರಾಂ. ಹಾಗಾಗಿ ತಕ್ಕಡಿಯ ಮೇಲೆ 0.1 ಗ್ರೇನ್ ಎಂಬುದು ಆರೂವರೆ ಮಿಲಿಗ್ರಾಮಿನಷ್ಟು ಮಾತ್ರ, ಫ್ಯಾನಿನ ಗಾಳಿ ತಾಗಿದರೂ ಅಷ್ಟು ತಪ್ಪು ಬರುತ್ತದೆ. ಕೆಲಸ ಆರಂಭಿಸುವ ಮುನ್ನವೂ ನಡುನಡುವೆಯೂ ತೂಕ ಗೊತ್ತಿರುವ ಬಟ್ಟನ್ನು ಇಟ್ಟು ತಕ್ಕಡಿಯನ್ನು ಪರೀಕ್ಷಿಸಿಕೊಳ್ಳಿ.

ಇನ್ನೊಂದು ತೊಡಕು ಕೇಸಿನ ಕತ್ತಿನದು, ಅಂದರೆ ಗುಂಡನ್ನು ಹಿಡಿಯುವ ಕಿರಿದಾದ ಮೇಲ್ಭಾಗದ್ದು. ಉದ್ದುದ್ದ ಕಡ್ಡಿಯಂಥ ಹರಳಿನ ಮದ್ದು ಈ ಕಿರಿದಾದ ಬಾಯಲ್ಲಿ, ಅಥವಾ ಅಳತೆ ಯಂತ್ರದ ಕೊಳವೆಯಲ್ಲೇ, ಅಡ್ಡಡ್ಡ ಸಿಕ್ಕಿಕೊಂಡು ನಿಂತುಬಿಡುತ್ತದೆ. ಒಂದು ಕೇಸಿಗೆ ಅರ್ಧ ಬಿದ್ದು, ತಡೆದು ನಿಂತ ಉಳಿದರ್ಧ ಮುಂದಿನ ಕೇಸಿಗೆ ಸೇರಿಕೊಳ್ಳುತ್ತದೆ. ಗುಂಡು ಕೂರಿಸುವ ಮೊದಲು ಎಲ್ಲ ಕೇಸುಗಳನ್ನೂ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿ, ಟಾರ್ಚ್ ಬಿಟ್ಟು, ಒಳಗಿನ ಮದ್ದಿನ ಮಟ್ಟ ಒಂದೇ ಸಮ ಇದೆಯೇ ಎಂದು ಒಂದೊಂದನ್ನೂ ನೋಡುವ ಅಭ್ಯಾಸವನ್ನು ದಯವಿಟ್ಟು ಬಿಡಬೇಡಿ. ಹಾರ್ನೆಟ್ ಕೇಸಿನ ಗೋಡೆ ತೀರ ತೆಳು. ಕೇಸಿಗೆ ರೂಪ ಕೊಡುವ, ಗುಂಡು ಕೂರಿಸುವ ಅಚ್ಚಾದ ಡೈ ತುಸು ಓರೆಯಾದರೂ, ಚಪ್ಪಟೆ ತಳದ ಗುಂಡನ್ನು ಒರಟಾಗಿ ಒತ್ತಿದರೂ ಕತ್ತು ಕುಸಿದು ಸುಕ್ಕಾಗುತ್ತದೆ. ಆದ್ದರಿಂದ ಕೇಸಿನ ಬಾಯಿಯ ಒಳಅಂಚನ್ನು ಸ್ವಲ್ಪ ಸವರಿ ಇಳಿಜಾರು ಮಾಡಿಕೊಳ್ಳುವುದು ಒಳ್ಳೆಯದು.

ಮದ್ದಿನ ಪ್ರಮಾಣವನ್ನು ತಯಾರಕರು ಪ್ರಕಟಿಸಿದ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು, ಅದರ ಆರಂಭದ ಅಳತೆಯಿಂದಲೇ ಶುರುಮಾಡಬೇಕು. ಪ್ರೈಮರ್, ಕೇಸು, ಗುಂಡು ಇವುಗಳಲ್ಲಿ ಯಾವುದನ್ನು ಬದಲಾಯಿಸಿದರೂ ಮತ್ತೆ ಕೆಳಗಿನಿಂದಲೇ ಹತ್ತಬೇಕು. ಈ ಕಾರಣಕ್ಕಾಗಿಯೇ ಪ್ರಮಾಣ ಕೇಳಿ ಬರೆದವರಿಗೆ ಈ ಅಂಕಣದಲ್ಲಿ ನಾವು ಅಂಕಿ ಕೊಡುವುದಿಲ್ಲ.

ಪ್ರಶ್ನೆ: .223 ರೆಮಿಂಗ್ಟನ್‌ನ ಒಂದು ಕೇಸನ್ನು ಎಷ್ಟು ಸಲ ತುಂಬಬಹುದು? ಒಬ್ಬರು ಐದು ಎನ್ನುತ್ತಾರೆ, ಮತ್ತೊಬ್ಬರು ಇಪ್ಪತ್ತು ಎನ್ನುತ್ತಾರೆ.

ಉತ್ತರ: ಇಬ್ಬರ ಮಾತೂ ಅವರವರ ಕೋವಿಗೆ ನಿಜವಿರಬಹುದು. ಇಲ್ಲಿ ಎಣಿಕೆಯನ್ನು ನಂಬುವುದಕ್ಕಿಂತ ಕೇಸನ್ನು ಓದಲು ಕಲಿಯುವುದು ಮೇಲು.

ಕಾಡತೂಸಿನ ಹಿತ್ತಾಳೆಯಲ್ಲಿ ಸುಮಾರು ಶೇ. 70 ತಾಮ್ರ, ಶೇ. 30 ಸತು ಇರುತ್ತದೆ. ಈಡು ಹಾರಿದಾಗ ಅದು ಹಿಗ್ಗಿ ಕೋವಿಯ ಚೇಂಬರಿನ (ಕಾಡತೂಸು ಕೂರುವ ಗೂಡಿನ) ಗೋಡೆಗೆ ಅಂಟುತ್ತದೆ. ತಳಭಾಗ ಮಾತ್ರ ಗೋಡೆಯನ್ನು ಹಿಡಿಯದೆ ಹಿಂದಕ್ಕೆ ಸರಿದು, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿಗೆ ಒರಗುತ್ತದೆ. ಅಂಟಿಕೊಂಡ ಭಾಗಕ್ಕೂ ಸರಿದ ಭಾಗಕ್ಕೂ ನಡುವೆ, ತಳದಿಂದ ತುಸು ಮೇಲೆ, ಲೋಹ ಜಗ್ಗಿ ತೆಳುವಾಗುತ್ತದೆ. ಡೈಯಲ್ಲಿ ಭುಜವನ್ನು (ಕತ್ತಿನ ಕೆಳಗೆ ಕೇಸು ಅಗಲವಾಗುವ ಇಳಿಜಾರನ್ನು) ಅಗತ್ಯಕ್ಕಿಂತ ಹಿಂದಕ್ಕೆ ಒತ್ತಿದಷ್ಟೂ ಮುಂದಿನ ಈಡಿನಲ್ಲಿ ಈ ಜಗ್ಗಾಟ ಹೆಚ್ಚು. ಹೊರಗಡೆ ಆ ಜಾಗದಲ್ಲಿ ಸುತ್ತಲೂ ಹೊಳೆಯುವ ತಿಳಿಬಣ್ಣದ ಗೆರೆಯೊಂದು ಕಾಣಿಸಬಹುದು, ಆದರೆ ಡೈ ಉಜ್ಜಿದ ಗುರುತೂ ಹಾಗೆಯೇ ಕಾಣುವುದರಿಂದ ಕಣ್ಣನ್ನಷ್ಟೇ ನಂಬಲಾಗದು. ಕಾಗದಕ್ಕೆ ಹಾಕುವ ಕ್ಲಿಪ್ಪೊಂದನ್ನು ನೇರ ಮಾಡಿ, ತುದಿಯ ಒಂದೆರಡು ಮಿಲಿಮೀಟರನ್ನು ಲಂಬಕೋನಕ್ಕೆ ಬಗ್ಗಿಸಿ, ಆ ತುದಿಯನ್ನು ಅರದಿಂದ ಚೂಪು ಮಾಡಿಕೊಳ್ಳಿ. ಅದನ್ನು ಕೇಸಿನೊಳಗೆ ತಳಮುಟ್ಟ ಇಳಿಸಿ, ಗೋಡೆಗೆ ಹಗುರಾಗಿ ಒತ್ತಿ, ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಒಳ್ಳೆಯ ಕೇಸಿನಲ್ಲಿ ತಂತಿ ನುಣ್ಣಗೆ ಜಾರಿಕೊಂಡು ಬರುತ್ತದೆ. ತೆಳುವಾದ ಕೇಸಿನಲ್ಲಿ ಅದೇ ಜಾಗದಲ್ಲಿ ಸಣ್ಣ ಗುಳಿಗೆ ಬಿದ್ದು ತಡೆಯುತ್ತದೆ, ಬೆರಳಿಗೆ ಅದು ಸ್ಪಷ್ಟವಾಗಿ ತಿಳಿಯುತ್ತದೆ. ಗುಳಿ ಸಿಕ್ಕಿದರೆ ಆ ಒಂದು ಕೇಸನ್ನಷ್ಟೇ ಅಲ್ಲ, ಅದರ ಜೊತೆಗೆ ಅಷ್ಟೇ ಸಲ ಹಾರಿಸಿದ ಇಡೀ ತಂಡವನ್ನು ಅನುಮಾನದಿಂದ ನೋಡಬೇಕು. ಮುಂದಿನ ಈಡಿಗೆ ಕೇಸು ಅಲ್ಲಿಯೇ ತುಂಡಾಗಿ, ಮೇಲಿನರ್ಧ ಚೇಂಬರಿನಲ್ಲಿ ಉಳಿದು, ಬಿಸಿ ಅನಿಲ ಹಿಂದಕ್ಕೆ ಹಾಯುವ ಸಂಭವವಿದೆ. ಕಣ್ಣಿಗೆ ರಕ್ಷಣಾ ಕನ್ನಡಕವಿಲ್ಲದೆ ಕೋವಿ ಎತ್ತಬಾರದು ಎನ್ನುವುದು ಇದಕ್ಕೇ.

ಉದ್ದವನ್ನೂ ಅಳೆಯುತ್ತಿರಬೇಕು. .223ರ ಕೇಸಿನ ಗರಿಷ್ಠ ಉದ್ದ 44.70 ಮಿ.ಮೀ.; ಕತ್ತರಿಸಿದ ಮೇಲೆ 44.45 ಮಿ.ಮೀ. ಇರುವಂತೆ ನೋಡಿಕೊಳ್ಳುವುದು ರೂಢಿ. ಮಿತಿ ಮೀರಿ ಬೆಳೆದ ಕೇಸಿನ ಬಾಯಿ ಚೇಂಬರಿನ ಮುಂದಿನ ಅಂಚಿಗೆ ಹೊಕ್ಕು ಗುಂಡನ್ನು ಹಿಸುಕಿ ಹಿಡಿಯುವುದರಿಂದ ಸಾಧಾರಣ ಪ್ರಮಾಣದ ಮದ್ದಿಗೂ ಒತ್ತಡ ವಿಪರೀತವಾಗುತ್ತದೆ. ಪ್ರೈಮರ್ ಕೂರುವ ಗುಳಿ ಸಡಿಲವಾಗಿ, ಹೆಬ್ಬೆರಳಿನ ಒತ್ತಿಗೇ ಪ್ರೈಮರ್ ಇಳಿಯುವಂತಾಗಿದ್ದರೆ ಆ ಕೇಸಿನ ಆಯುಷ್ಯ ಮುಗಿಯಿತು. ಕೆಲವೇ ಸಲಕ್ಕೆ ಹಾಗಾಗುತ್ತಿದ್ದರೆ ತಾವು ಹಾಕುತ್ತಿರುವ ಮದ್ದೇ ಹೆಚ್ಚಾಗಿದೆ ಎಂದರ್ಥ.

ಪ್ರಶ್ನೆ: ಕೇಸಿನ ಕತ್ತು ಪದೇ ಪದೇ ಸೀಳುತ್ತಿದೆ. ಮನೆಯಲ್ಲಿ ಹಿತ್ತಾಳೆ ಸಾಮಾನು ತೊಳೆಯುವ ಅಮೋನಿಯಾ ದ್ರಾವಣದಿಂದ ಅವನ್ನು ಫಳಫಳ ಹೊಳೆಯುವಂತೆ ತೊಳೆಯುತ್ತೇನೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಉತ್ತರ: ಖಂಡಿತ ಇರಬಹುದು, ಮತ್ತು ಇದಕ್ಕೊಂದು ಹಳೆಯ ಇತಿಹಾಸವೇ ಇದೆ. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಹಿತ್ತಾಳೆ ಕಾಡತೂಸುಗಳು ಮಳೆಗಾಲದಲ್ಲಿ ಯಾರೂ ಮುಟ್ಟದೆಯೇ ಬಿರುಕು ಬಿಡುತ್ತಿದ್ದವು. ಅವನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ಮಳೆಗಾಲದ ತೇವದೊಡನೆ ಸೇರಿ, ಕೇಸನ್ನು ಎಳೆದು ರೂಪಿಸುವಾಗ ಲೋಹದಲ್ಲಿ ಉಳಿದ ಬಿಗಿತವಿರುವ ಕಡೆಯಲ್ಲೇ ಹಿತ್ತಾಳೆಯನ್ನು ಸೀಳುತ್ತಿತ್ತು. ಈ ಕಾರಣವನ್ನು 1921ರಲ್ಲಿ ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಬಿಡಿಸಿ ವಿವರಿಸಿದರು. ತಾವು ಪ್ರತಿ ಸಲ ಡೈಯಲ್ಲಿ ಒತ್ತಿ ಚಿಕ್ಕದು ಮಾಡುವ ಕತ್ತಿನಲ್ಲಿಯೂ ಅದೇ ಬಿಗಿತ ಉಳಿಯುತ್ತದೆ. ಅಮೋನಿಯಾ ಬಿಟ್ಟುಬಿಡಿ. ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಉರುಳಿಸಿದರೆ ಸಾಕು. ಕೇಸು ಸ್ವಚ್ಛವಾಗಿದ್ದರಾಯಿತು, ಕನ್ನಡಿಯಾಗಬೇಕಿಲ್ಲ.

ಅಮೋನಿಯಾ ಇಲ್ಲದಿದ್ದರೂ ಹಿತ್ತಾಳೆ ಹಿಗ್ಗಿ ಕುಗ್ಗಿ ಗಡುಸಾಗುತ್ತದೆ, ಗಡುಸಾದ ಕತ್ತು ಸೀಳುತ್ತದೆ. ಕತ್ತನ್ನೂ ಭುಜವನ್ನೂ ಕಾಯಿಸಿ ಮೆದು ಮಾಡುವುದು ಇದಕ್ಕೆ ಪರಿಹಾರ. ಮಬ್ಬು ಬೆಳಕಿನಲ್ಲಿ ಕತ್ತು ಮಸುಕಾಗಿ ಕೆಂಪೇರುವ ಅಂಚಿಗೆ ಬಂದೊಡನೆ ಜ್ವಾಲೆಯನ್ನು ಸರಿಸಬೇಕು. ತಳಕ್ಕೆ ಮಾತ್ರ ಕಾವು ತಾಗಲೇಬಾರದು, ಏಕೆಂದರೆ ಒತ್ತಡವನ್ನು ತಡೆಯುವುದೇ ಗಡುಸಾಗಿರುವ ಆ ತಳ. ತಳ ಮೆದುವಾದ ಕೇಸನ್ನು ಮರಳಿ ಸರಿಪಡಿಸುವ ಉಪಾಯವಿಲ್ಲ, ಎಸೆಯಬೇಕಷ್ಟೆ.

ಪ್ರಶ್ನೆ: ಸಣ್ಣ ರೈಫಲ್ ಪ್ರೈಮರ್ ಸಿಗುತ್ತಿಲ್ಲ. ಅಳತೆ ಒಂದೇ ಇರುವುದರಿಂದ ಸಣ್ಣ ಪಿಸ್ತೂಲಿನ ಪ್ರೈಮರನ್ನು .223ಕ್ಕೆ ಹಾಕಬಹುದೇ?

ಉತ್ತರ: ಹಾಕಬಾರದು. ಗುಳಿಯಲ್ಲಿ ಅದು ಸರಿಯಾಗಿ ಕೂತರೂ ಅದರ ಬಟ್ಟಲಿನ ಲೋಹ ಸಾಮಾನ್ಯವಾಗಿ ತೆಳು. ರೈಫಲಿನ ಒತ್ತಡಕ್ಕೆ ಅದು ತೂತಾಗಿ ಅನಿಲ ಬೋಲ್ಟಿನೊಳಕ್ಕೆ ನುಗ್ಗುತ್ತದೆ. ಸಿಗುವವರೆಗೆ ಕಾಯಿರಿ.

ಪ್ರಶ್ನೆ: ನನ್ನದು ಹಳೆಯ .222 ರೆಮಿಂಗ್ಟನ್. ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಕೊರೆದ ಗೀರುಗಳ ಸುರುಳಿ 14 ಇಂಚಿಗೊಂದು ಸುತ್ತು. 50 ಗ್ರೇನ್ ಗುಂಡು ಒಂದರ ಮೇಲೊಂದು ಬೀಳುವ ಹಾಗೆ ಬೀಳುತ್ತದೆ. 69 ಗ್ರೇನಿನ ಗುಂಡು ಹಾಕಿದರೆ ಗುರಿಯ ಕಾಗದದಲ್ಲಿ ಉದ್ದುದ್ದ ತೂತು ಬೀಳುತ್ತಿದೆ. ಮದ್ದು ಹೆಚ್ಚಿಸಿದರೆ ಸರಿಯಾಗುವುದೇ?

ಉತ್ತರ: ಆಗುವುದಿಲ್ಲ. ಗುಂಡು ಅಡ್ಡಡ್ಡಲಾಗಿ ಮಗುಚುತ್ತ ಹೋಗಿ ಕಾಗದವನ್ನು ತಾಗಿದ ಗುರುತು ಅದು. .222 ಬಂದದ್ದು 1950ರಲ್ಲಿ, ರೆಮಿಂಗ್ಟನ್ನಿನ ಮೈಕ್ ವಾಕರ್ ಅವರ ಕೈಯಿಂದ. ಕೋವಿಯನ್ನು ಮೇಜಿನ ಮೇಲೆ ಒರಗಿಸಿ ಗುರಿಯ ನಿಖರತೆ ಅಳೆಯುವ ಬೆಂಚ್‌ರೆಸ್ಟ್ ಸ್ಪರ್ಧೆಗಳನ್ನು ಅದು ಬಹುಕಾಲ ಆಳಿತು, ಅದೂ ಗಿಡ್ಡನೆಯ ಹಗುರ ಗುಂಡುಗಳಿಂದಲೇ. ಗುಂಡನ್ನು ನೆಟ್ಟಗೆ ನಿಲ್ಲಿಸುವುದು ಅದರ ತಿರುಗುವಿಕೆ, ಎಷ್ಟು ತಿರುಗಬೇಕೆಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಗುಂಡಿನ ಉದ್ದ. 1879ರಲ್ಲಿ ಆಲ್ಫ್ರೆಡ್ ಗ್ರೀನ್‌ಹಿಲ್ ಕೊಟ್ಟ ಸುಲಭ ಸೂತ್ರ ಇಂದಿಗೂ ಅಂದಾಜಿಗೆ ಸಾಕಾಗುತ್ತದೆ: ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ ಬೇಕಾದ ಸುರುಳಿ ಸಿಗುತ್ತದೆ, ಎಲ್ಲವೂ ಇಂಚಿನಲ್ಲಿ. ವೇಗ ಸೆಕೆಂಡಿಗೆ 2800 ಅಡಿ ಮೀರಿದರೆ 150ರ ಬದಲು 180 ಬಳಸುವುದು ವಾಡಿಕೆ. ವ್ಯಾಸ 0.224, ಉದ್ದ 0.9 ಇಂಚಿನಷ್ಟಿರುವ 69 ಗ್ರೇನಿನ ಗುಂಡಿಗೆ ಲೆಕ್ಕ ಹಾಕಿದರೆ ಹತ್ತು ಇಂಚಿಗೊಂದು ಸುತ್ತು ಬೇಕೆಂದು ತೋರುತ್ತದೆ. ತಮ್ಮ ನಳಿಗೆ ಅಷ್ಟು ತಿರುಗಿಸಲಾರದು.

ತೂಕ ನೋಡಿ ಮೋಸಹೋಗಬೇಡಿ ಎಂಬುದನ್ನೂ ಸೇರಿಸುತ್ತೇವೆ. ಪ್ಲಾಸ್ಟಿಕ್ ಮೊನೆಯ ಗುಂಡು, ಸೀಸವಿಲ್ಲದ ಪೂರ್ತಿ ತಾಮ್ರದ ಗುಂಡು ಇವು ಅದೇ ತೂಕಕ್ಕೆ ಹೆಚ್ಚು ಉದ್ದವಾಗಿರುತ್ತವೆ. 50 ಗ್ರೇನ್ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ತಮ್ಮ ನಳಿಗೆಗೆ ಅದು ಒಗ್ಗದೆ ಇರಬಹುದು.

ಪ್ರಶ್ನೆ: ಹಾರ್ನೆಟ್‌ಗೆಂದು ತಂದ ಗುಂಡುಗಳನ್ನು .22-250 ಎಂಬ ಹೆಚ್ಚು ವೇಗದ ಕಾಡತೂಸಿಗೆ ಹಾಕಿದೆ. ಹತ್ತು ಈಡಿನಲ್ಲಿ ಕೆಲವು ಗುರಿಯ ಕಾಗದವನ್ನು ತಲುಪಲೇ ಇಲ್ಲ. ಎಲ್ಲಿ ಹೋದವು?

ಉತ್ತರ: ದಾರಿಯಲ್ಲೇ ಪುಡಿಯಾದವು. ಹಾರ್ನೆಟ್‌ನ ಕಡಿಮೆ ವೇಗದಲ್ಲೂ ಒಡೆಯಲೆಂದು ಆ ಗುಂಡುಗಳಿಗೆ ತೀರ ತೆಳ್ಳನೆಯ ತಾಮ್ರದ ಹೊದಿಕೆ ಕೊಟ್ಟಿರುತ್ತಾರೆ. 12 ಇಂಚಿನ ಸುರುಳಿಯ ನಳಿಗೆಯಿಂದ ಸೆಕೆಂಡಿಗೆ 3240 ಅಡಿ ವೇಗದಲ್ಲಿ ಹೊರಬೀಳುವ ಗುಂಡು ನಿಮಿಷಕ್ಕೆ 1,94,400 ಸುತ್ತು ತಿರುಗುತ್ತದೆ; .22-250ರ ವೇಗ ಇದಕ್ಕಿಂತಲೂ ಹೆಚ್ಚು. ಆ ಸುತ್ತಿಗೆ ತೆಳು ಹೊದಿಕೆ ಹರಿದು, ಗುಂಡು ಬೂದುಬಣ್ಣದ ಒಂದು ಚಿಕ್ಕ ಮೋಡವಾಗಿ ಚದುರಿಹೋಗುತ್ತದೆ. ಗುಂಡಿನ ತಯಾರಕರು ಗರಿಷ್ಠ ವೇಗ ಹೇಳಿದ್ದರೆ ಅದನ್ನು ಸಲಹೆಯೆಂದು ತಿಳಿಯದೆ ಮಿತಿಯೆಂದೇ ತಿಳಿಯಿರಿ.

ವೇಗದ ಹಂಬಲವೇ ಈ ಕ್ಯಾಲಿಬರುಗಳ ದೊಡ್ಡ ಆಮಿಷ ಎಂಬುದು ನಮ್ಮ ಅಭಿಪ್ರಾಯ. 1935ರಲ್ಲಿ ವಿಂಚೆಸ್ಟರ್ ತಂದ .220 ಸ್ವಿಫ್ಟ್ 48 ಗ್ರೇನಿನ ಗುಂಡನ್ನು ಸೆಕೆಂಡಿಗೆ 4110 ಅಡಿ, ಅಂದರೆ ಸುಮಾರು 1250 ಮೀಟರ್ ವೇಗದಲ್ಲಿ ಕಳಿಸಿ ಹೆಸರು ಮಾಡಿತು, ನಳಿಗೆ ತಿನ್ನುವ ಕಾಡತೂಸೆಂಬ ಅಪವಾದವನ್ನೂ ಹೊತ್ತುಕೊಂಡಿತು. ಅಷ್ಟು ಮದ್ದಿನ ಬೆಂಕಿ ಕಿರಿದಾದ ರಂಧ್ರದ ಮೂಲಕ ಹಾಯುವಾಗ ಸುರುಳಿ ಆರಂಭವಾಗುವ ಜಾಗ ಮೊದಲು ಸವೆಯುತ್ತದೆ, ನಳಿಗೆ ಕಾದಿದ್ದಾಗ ಇನ್ನೂ ಬೇಗ. ಹೊರಗಿನಿಂದ ಕೈಯಿಟ್ಟು ಹಿಡಿಯಲಾಗದಷ್ಟು ಬಿಸಿಯಾಗಿದ್ದರೆ ಬೋಲ್ಟ್ ತೆರೆದಿಟ್ಟು ಆರಲು ಬಿಡಿ. ಸೆಕೆಂಡಿಗೆ ನೂರು ಅಡಿ ಕಡಿಮೆಯಾದರೆ ಇನ್ನೂರು ಮೀಟರಿನಲ್ಲಿ ಯಾರಿಗೂ ವ್ಯತ್ಯಾಸ ತಿಳಿಯದು, ಕೇಸಿಗೂ ನಳಿಗೆಗೂ ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಪ್ರಶ್ನೆ: 100 ಮೀಟರಿನಲ್ಲಿ ಮೂರು ಗುಂಡು 12 ಮಿ.ಮೀ. ಒಳಗೆ ಬಿದ್ದವು. ಈ ಪ್ರಮಾಣವನ್ನೇ ಕಾಯಂ ಮಾಡಿಕೊಳ್ಳಲೇ?

ಉತ್ತರ: ಸಂತೋಷಪಡಿ, ಆದರೆ ಇನ್ನೂ ಕಾಯಂ ಮಾಡಬೇಡಿ. ಆ ದೂರಕ್ಕೆ ಒಂದು ಕೋನನಿಮಿಷ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಎಂದರೆ ಸುಮಾರು 29 ಮಿ.ಮೀ.; ತಮ್ಮ ಗುಂಪು ಅದರ ಅರ್ಧಕ್ಕಿಂತ ಚಿಕ್ಕದು, ನಿಜ. ಮೂರು ಗುಂಡಿನ ಗುಂಪು ಅದೃಷ್ಟದಿಂದಲೂ ಚಿಕ್ಕದಾಗಬಹುದು. ಅದೇ ಪ್ರಮಾಣದಲ್ಲಿ ಐದೈದರ ಕೆಲವು ಗುಂಪುಗಳನ್ನು, ಸಾಧ್ಯವಾದರೆ ಬೇರೆ ಬೇರೆ ದಿನಗಳಲ್ಲಿ, ಹಾರಿಸಿ ನೋಡಿ. ಚೆನ್ನಾಗಿದ್ದ ಗುಂಪುಗಳನ್ನು ಇಟ್ಟುಕೊಂಡು ಕೆಟ್ಟವನ್ನು ಗಾಳಿಯ ಮೇಲೆ ಹಾಕುವುದು ಬೇಡ.

ಪ್ರಶ್ನೆ: ಚೀಟಿ ಬಿದ್ದುಹೋದ ಡಬ್ಬಿಯಲ್ಲಿ ಅರ್ಧದಷ್ಟು ಮದ್ದು ಉಳಿದಿದೆ. ಹರಳು ನೋಡಿ ಯಾವುದೆಂದು ಗುರುತಿಸಬಹುದೇ?

ಉತ್ತರ: ಗುರುತಿಸಲಾಗದು. ನೋಡಲು ಒಂದೇ ರೀತಿ ಇರುವ ಎರಡು ಮದ್ದುಗಳು ಉರಿಯುವ ವೇಗದಲ್ಲಿ ಪೂರ್ತಿ ಬೇರೆಯಾಗಿರಬಹುದು. ಹುಳಿ ಘಾಟು ಅಥವಾ ಕೆಂಗಂದು ಧೂಳು ಇದ್ದರೆ ಅದು ಕೆಟ್ಟಿದೆ ಎಂದು ತಿಳಿಯುತ್ತದೆ, ಆದರೆ ಅದು ಯಾವ ಮದ್ದೆಂದು ಅದರಿಂದಲೂ ತಿಳಿಯುವುದಿಲ್ಲ. ಬೇರೆ ಡಬ್ಬಿಗೆ ಬೆರೆಸಬೇಡಿ. ತಯಾರಕರು ಸೂಚಿಸುವ ವಿಧಾನದಲ್ಲಿ ಅದನ್ನು ನಾಶಮಾಡಿ. ಮುಂದೆ ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ ಇರಲಿ, ಯಂತ್ರದಲ್ಲಿ ಉಳಿದ ಮದ್ದನ್ನು ಆ ದಿನವೇ ಅದರ ಮೂಲ ಡಬ್ಬಿಗೆ ಸುರಿದು ಮುಚ್ಚಳ ಹಾಕಿ.