ಆನೆ ಯಾಕೆ ನಿಂತ್ಕೊಳ್ತು? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೇಲಿ ಕಾಡುಪ್ರಾಣಿ ಎದುರಿಗೆ ಸಿಕ್ಕಿದ ನಿಮ್ಮ ಅನುಭವ ಬರೀರಿ, ಮನಸ್ಸಲ್ಲಿ ಏನಾದ್ರೂ ಪ್ರಶ್ನೆ ಉಳಿದಿದ್ರೆ ಅದನ್ನೂ ಕೇಳಿ ಅಂದಿದ್ವಿ. ಬಂದ ಪತ್ರ, ವಾಟ್ಸಾಪ್ ಮೆಸೇಜು, ವಾಯ್ಸ್ ನೋಟು ಎಲ್ಲಾ ಓದಿದೆ, ಕೇಳಿದೆ. ಹೆಚ್ಚಿನವು "ಅದು ನನ್ನ ಮೇಲೇ ಬಂತು" ಅಂತ ಶುರುವಾಗಿ "ಆಮೇಲೆ ಹೊರಟೋಯ್ತು" ಅಂತ ಮುಗಿಯುತ್ವೆ. ನಂಗೆ ಬೇಕಾಗಿರೋದು ಆ ಎರಡರ ಮಧ್ಯದ ಕೆಲವು ಸೆಕೆಂಡುಗಳು, ಯಾಕಂದ್ರೆ ಪ್ರಾಣಿ ಹೇಳ್ಬೇಕಾದ್ದನ್ನೆಲ್ಲಾ ಹೇಳಿರೋದು ಅಲ್ಲೇ, ಅದನ್ನ ಓದೋಕೆ ಬಂದ್ರೆ ಜೀವ ಉಳಿಯುತ್ತೆ, ನಮ್ದೂ ಅದರದ್ದೂ.

*ಬೆಳಗ್ಗೆ ಡೈರಿಗೆ ಹಾಲು ಹಾಕೋಕೆ ಸ್ಕೂಟರಲ್ಲಿ ಹೋಗ್ತಿದ್ದೆ. ತೋಟದ ತಿರುವಲ್ಲಿ ಒಂಟಿ ಆನೆ. ಕಿವಿ ಅಗಲ ಮಾಡ್ಕೊಂಡು ಘೀಳಿಡ್ತಾ ಓಡಿ ಬಂತು, ನಾನು ಸ್ಕೂಟರ್ ಬೀಳಿಸಿ ನಿಂತಲ್ಲೇ ನಿಂತ್ಬಿಟ್ಟೆ. ಎರಡು ಮಾರು ದೂರದಲ್ಲಿ ಗಕ್ಕನೆ ನಿಂತು, ಮಣ್ಣು ಒದ್ದು, ತಿರುಗಿ ಹೋಯ್ತು. ಮನೇಲಿ ದೇವ್ರು ಕಾಪಾಡ್ದ ಅಂತಾರೆ. ಆನೆ ಯಾಕೆ ನಿಂತ್ಕೊಳ್ತು?*
ಸಕಲೇಶಪುರ ಹತ್ರದ ಓದುಗರು

ಮನೆಯವರ ನಂಬಿಕೆಗೆ ನಾನು ಅಡ್ಡ ಬರಲ್ಲ. ಆದ್ರೆ ನೀವು ಬರೆದಿರೋದ್ರಲ್ಲಿ ಮುಖ್ಯವಾದ ಮಾತು ಒಂದಿದೆ, ಕಿವಿ ಅಗಲ ಮಾಡ್ಕೊಂಡು ಘೀಳಿಡ್ತಾ ಬಂತು ಅನ್ನೋದು. ಹೀಗೆ ಮೈ ದೊಡ್ಡದು ಮಾಡ್ಕೊಂಡು ಗಲಾಟೆ ಮಾಡ್ತಾ ಬರೋದು ಹೆಚ್ಚಿನ ಸಲ ಬೆದರಿಕೆ. ಅದಕ್ಕೆ ಬೇಕಾಗಿರೋದು ನೀವು ಅಲ್ಲಿಂದ ಹೋಗೋದು ಅಷ್ಟೇ. ನಿಜವಾಗ್ಲೂ ಕೊಲ್ಲೋಕೆ ಬರೋ ಆನೆ ಸಾಮಾನ್ಯವಾಗಿ ಸದ್ದು ಮಾಡಲ್ಲ, ಕಿವಿ ಹಿಂದಕ್ಕೆ ಒತ್ಕೊಂಡಿರುತ್ತೆ, ಸೊಂಡಿಲು ಒಳಗಡೆ ಸುತ್ಕೊಂಡಿರುತ್ತೆ, ತಲೆ ತಗ್ಗಿಸಿ ನೇರ ಬರುತ್ತೆ. ಹಾಗಂತ ಇದನ್ನ ಕಾನೂನು ಥರ ನಂಬ್ಕೊಂಡು ನಿಲ್ಬೇಡಿ, ಬೆದರಿಕೆ ಅಂತ ಶುರುವಾಗಿದ್ದು ಎದುರಿಗಿರೋನು ಕಿರುಚಿದ್ರೆ, ಕಲ್ಲು ಹೊಡೆದ್ರೆ ನಿಜ ಆಗೋಕೆ ಹೊತ್ತು ಬೇಕಾಗಲ್ಲ, ಮನುಷ್ಯ ಎಷ್ಟು ಓಡಿದ್ರೂ ನೇರ ದಾರೀಲಿ ಆನೆಯನ್ನ ಮೀರ್ಸೋಕೆ ಆಗಲ್ಲ.

ನೀವು ಓಡದೆ ನಿಂತಿದ್ದು, ಎದುರು ಹೋಗದೆ ಇದ್ದಿದ್ದು ಆ ಆನೆಗೆ ನಿರ್ಧಾರ ಮಾಡೋಕೆ ಒಂದು ಗಳಿಗೆ ಕೊಡ್ತು ಅಂತ ನಂಗನ್ಸುತ್ತೆ. ದೂರ ಇದ್ರೆ ಮಾತ್ರ ಮುಖ ಅದರ ಕಡೆಗೇ ಇಟ್ಕೊಂಡು ಮೆಲ್ಲಗೆ ಹಿಂದೆ ಸರೀಬೇಕು, ದೊಡ್ಡ ಮರ, ಬಂಡೆ, ಧರೆ ಏನಾದ್ರೂ ಮಧ್ಯ ಬರೋ ಹಾಗೆ. ಓಡ್ಲೇಬೇಕಾದ ಗತಿ ಬಂದ್ರೆ ಕೈಲಿರೋ ಬ್ಯಾಗು, ಕೊಡೆ, ಟವಲ್ಲು ಬಿಸಾಕಿ. ಅದನ್ನ ಮೂಸಿ ತುಳಿಯೋ ಹೊತ್ತಲ್ಲಿ ನಿಮಗೆ ಒಂದಿಷ್ಟು ದೂರ ಸಿಗಬಹುದು.

ಇನ್ನೊಂದು ನೋಡ್ಬೇಕಾಗಿತ್ತು, ಮುಂದಿನ ಸಲ ದೂರದಿಂದ ಕಂಡ್ರೆ ನೋಡಿ, ಕಣ್ಣಿಗೂ ಕಿವಿಗೂ ಮಧ್ಯ ಕೆನ್ನೆ ಮೇಲೆ ಎಣ್ಣೆ ಸೋರಿದ ಹಾಗೆ ಕಪ್ಪು ಗೆರೆ ಇದೆಯಾ ಅಂತ. ಅದು ಮದ. ಗಂಡಾನೆಗೆ ಮದ ಬಂದಾಗ ಆ ಗೆರೆ ಬಾಯಿವರೆಗೂ ಇಳಿದಿರುತ್ತೆ, ಮೂತ್ರ ತೊಟ್ಟಿಕ್ತಾ ಇರುತ್ತೆ, ವಾಸನೆ ಗಾಳೀಲಿ ದೂರದಿಂದ್ಲೇ ಗೊತ್ತಾಗುತ್ತೆ. ಆ ಸ್ಥಿತಿಯಲ್ಲಿರೋ ಆನೆ ಹತ್ರ ಮೇಲೆ ಹೇಳಿದ ಯಾವ ಲೆಕ್ಕಾಚಾರವೂ ನಡೆಯಲ್ಲ. 8 ಸಲ ದಸರಾದಲ್ಲಿ ಚಿನ್ನದ ಅಂಬಾರಿ ಹೊತ್ತ ಸಾಕಾನೆ ಅರ್ಜುನ ನಿಮ್ಮ ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲೇ 2023ರ ಡಿಸೆಂಬರ್ 4ರಂದು ಕಾಡಾನೆ ಹಿಡಿಯೋ ಕಾರ್ಯಾಚರಣೆ ವೇಳೆ ಒಂದು ಕಾಡಾನೆ ಜೊತೆ ಕಾದಾಡಿ ಸತ್ತ. ಅಷ್ಟು ಅನುಭವ ಇದ್ದ, ಅಷ್ಟು ದೊಡ್ಡ ಜೀವಕ್ಕೇ ಹಾಗಾಯ್ತು. ಆ ಸುದ್ದಿ ನೆನಪಾದ್ರೆ ಇವತ್ತಿಗೂ ನಂಗೆ ಸಂಕಟ ಆಗುತ್ತೆ.

2023ರ ಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ ಅಂದಾಜು 6,395 ಆನೆ ಇವೆ, ದೇಶದಲ್ಲೇ ಹೆಚ್ಚು. ಹಾಸನ, ಕೊಡಗಿನ ಕಡೆ ಅವು ಕಾಡಿಂದ ತೋಟಕ್ಕೆ ಬಂದು ಹೋಗೋದಲ್ಲ, ಎಷ್ಟೋ ಆನೆ ತೋಟದಲ್ಲೇ ವಾಸ. ಹಗಲೆಲ್ಲಾ ಕಾಫಿ ಗಿಡದ ನೆರಳಲ್ಲಿ ನಿಂತಿರ್ತವೆ, ಸಂಜೆ ಆದ್ಮೇಲೆ ಗದ್ದೆಗೆ ಇಳೀತವೆ. ಬೆಳಗ್ಗೆ ನಿಮಗೆ ಸಿಕ್ಕಿದ್ದು ಬಹುಶಃ ರಾತ್ರಿ ಮೇವು ಮುಗಿಸಿ ವಾಪಸ್ ಹೋಗ್ತಿದ್ದ ಆನೆ. ಅದಕ್ಕೇ ತೋಟದ ಕೆಲಸಕ್ಕೆ ಹೋಗೋರು ನೆಲ ನೋಡ್ಕೊಂಡು ಹೋಗೋದು ಅಭ್ಯಾಸ ಮಾಡ್ಕೋಬೇಕು. ಲದ್ದಿ ಇನ್ನೂ ಹಸಿಯಾಗಿ ಹೊಳೀತಿದೆಯಾ, ಹಬೆ ಬರ್ತಿದೆಯಾ, ಬೈನೆ ಮರ ಸೀಳಿದ್ದು ಹೊಸದಾ ಹಳೇದಾ, ಹಲಸಿನ ಹಣ್ಣಿನ ವಾಸನೆ ಎಲ್ಲಿಂದ ಬರ್ತಿದೆ, ಇಷ್ಟು ನೋಡಿದ್ರೆ ಅರ್ಧ ವಿಷಯ ಗೊತ್ತಾಗುತ್ತೆ. ಗುಂಪಿನ ಹೆಣ್ಣಾನೆಗಳಿಗೆ ಎಲ್ಲಿದೆ ಅಂತ ತಿಳಿಸೋ ರೇಡಿಯೋ ಕಾಲರ್ (ಕುತ್ತಿಗೆ ಪಟ್ಟಿ) ಹಾಕಿರೋದ್ರಿಂದ ಆನೆ ಕಾರ್ಯಪಡೆಯವರು ಮೆಸೇಜ್ ಕಳಿಸ್ತಾರೆ, ಆ ಮೆಸೇಜು ಮಾಲೀಕರ ಫೋನಲ್ಲೇ ಉಳೀದೆ ತೋಟದ ಕೆಲಸದವರ ಲೈನ್ ಮನೆ ಹೆಂಗಸರ ಫೋನಿಗೂ ಬರೋ ಹಾಗೆ ದಯವಿಟ್ಟು ನೋಡ್ಕೊಳ್ಳಿ, ಮೊದಲು ನಡ್ಕೊಂಡು ಹೋಗೋರು ಅವರೇ. ಒಂಟಿ ಸಲಗಕ್ಕೆ ಎಲ್ಲಾ ಸಲ ಕಾಲರ್ ಇರಲ್ಲ ಅನ್ನೋದೂ ನೆನಪಿರಲಿ.

*ಕಬ್ಬಿಗೆ ನೀರು ಹಾಯ್ಸಾಕ ನಸುಕಿನ್ಯಾಗ ಹೋಗಿದ್ದೆ ರೀ. ಬದುವಿನ ಆಚೆ ಫರ್ ಫರ್ ಅಂತ ಸಪ್ಪಳ. ಬ್ಯಾಟರಿ ಹಾಕಿ ನೋಡಿದ್ರ ಕರಡಿ, ಬೆನ್ನ ಮ್ಯಾಲೆ ಎರಡು ಮರಿ. ಎದ್ದು ಎರಡು ಕಾಲಿನ ಮ್ಯಾಲೆ ನಿಂತು ಮೂಗು ಎತ್ತಿ ನೋಡ್ತು, ನಾನು ಹಿಂದ ಸರ್ಕೊಂಡು ಬಂದೆ. ಕರಡಿ ಬಂದ್ರ ಸತ್ತಂಗ ಮಲಗ್ಬೇಕು ಅಂತಾರಲ್ಲ, ಅದು ಖರೆ ಏನು?*
ಹೊಸಪೇಟೆ ಕಡೆಯ ರೈತರು

ನೀವು ಕೇಳಿದ ಫರ್ ಫರ್ ಸದ್ದು ಗೆದ್ದಲು ತಿನ್ನೋ ಸದ್ದು. ಉದ್ದ ಉಗುರಲ್ಲಿ ಹುತ್ತ ಅಗೆದು, ಮೊದಲು ಮಣ್ಣನ್ನ ಊದಿ ಹಾರಿಸಿ, ಆಮೇಲೆ ತುಟಿ ಮುಂದೆ ಚಾಚಿ ಗೆದ್ದಲನ್ನ ಹೀರುತ್ತೆ. ಅದಕ್ಕೆ ಅಂತಲೇ ಮೇಲ್ದವಡೆಯ ಮುಂದಿನ ಎರಡು ಹಲ್ಲೇ ಅದಕ್ಕಿಲ್ಲ. ರಾತ್ರಿ ಹೊತ್ತು ನೂರು ಮೀಟರ್ ಆಚೆಗೂ ಆ ಸದ್ದು ಕೇಳುತ್ತೆ, ಹಂಗೆ ತಿನ್ನೋವಾಗ ಅದರ ಗಮನವೆಲ್ಲಾ ಹುತ್ತದ ಮೇಲಿರುತ್ತೆ, ನೀವು ಬಂದಿದ್ದು ಗೊತ್ತೇ ಆಗಲ್ಲ. ಕರಡಿ ಮೇಲೆ ಬೀಳೋದು ಬಹುಪಾಲು ಹೀಗೆ ಏಕಾಏಕಿ ಹತ್ರ ಸಿಕ್ಕಾಗ್ಲೇ, ಗಾಬರಿಗೆ. ಮರಿ ಇದ್ರಂತೂ ಇನ್ನೂ ಜಾಸ್ತಿ. ಎದ್ದು ನಿಂತಿದ್ದು ದಾಳಿಗಲ್ಲ, ಅದರ ಕಣ್ಣು ಅಷ್ಟು ಚುರುಕಲ್ಲ, ಮೂಗು ಮಾತ್ರ ಬಹಳ ಚುರುಕು, ಎತ್ತರದಿಂದ ಗಾಳಿ ಹಿಡಿದು ಯಾರು ಅಂತ ತಿಳ್ಕೊಳ್ಳೋಕೆ ನಿಂತಿದ್ದು. ಆ ಹೊತ್ತಲ್ಲಿ ನೀವು ಹಿಂದೆ ಸರಿದ್ರಲ್ಲ, ಅದಕ್ಕಿಂತ ಒಳ್ಳೇ ಕೆಲಸ ಇನ್ನೊಂದಿಲ್ಲ.

ಶಾಲೆ ಪಾಠದಲ್ಲಿ ಓದಿದ ಗೆಳೆಯರ ಕಥೆ ನಂಬಿ ಅಂಗಾತ ಮಲಗ್ಬೇಡಿ, ಮರವನ್ನೂ ಹತ್ತಬೇಡಿ. ಕರಡಿ ಮರ ಹತ್ತುತ್ತೆ, ಜೇನಿಗೆ ದಿನಾ ಹತ್ತೋ ಪ್ರಾಣಿ ಅದು. ಅಂಗಾತ ಮಲಗಿದ್ರೆ ಮುಖಕ್ಕೇ ಕೈ ಹಾಕುತ್ತೆ, ಕರಡಿ ಗಾಯ ಆದವ್ರನ್ನ ನೋಡಿದವ್ರಿಗೆ ನಾನು ಏನ್ ಹೇಳ್ತಿದೀನಿ ಅಂತ ಗೊತ್ತಿರುತ್ತೆ. ಮೇಲೆ ಬಿದ್ದೇ ಬಿಡ್ತು ಅಂದ್ರೆ ಬೋರಲು ಮಲಗಿ, ಮುಖ ನೆಲಕ್ಕೆ, ಎರಡೂ ಕೈ ಬೆರಳು ಹೆಣೆದು ಕತ್ತಿನ ಹಿಂದೆ, ಅದು ದೂರ ಹೋಗೋವರೆಗೂ ಏಳ್ಬೇಡಿ. ಆದ್ರೆ ಅಲ್ಲಿವರೆಗೆ ಹೋಗದೇ ಇರೋಕೆ ಉಪಾಯ ಸುಲಭ, ಸದ್ದು ಮಾಡ್ತಾ ಹೋಗಿ. ಕೋಲು ಬಡೀರಿ, ಹಾಡು ಹೇಳಿ, ಮೊಬೈಲಲ್ಲಿ ಭಜನೆ ಹಾಕ್ಕೊಳ್ಳಿ, ಒಬ್ರೇ ಹೋಗ್ಬೇಡಿ. ದೂರದಿಂದ ಸದ್ದು ಕೇಳಿದ ಕರಡಿ ತಾನೇ ಜಾಗ ಬಿಟ್ಟು ಹೋಗುತ್ತೆ. ದರೋಜಿ ಕರಡಿಧಾಮ 1994ರಲ್ಲಿ ಆಗಿದ್ದೇ ನಿಮ್ಮ ಭಾಗದ ಈ ಬಂಡೆಗುಡ್ಡಗಳಲ್ಲಿ ಕರಡಿ ಅಷ್ಟು ಇರೋದಕ್ಕೆ. ಹಗಲು ಗುಹೇಲಿ ಮಲಗಿ ಸಂಜೆ ಮೇಲೆ ಇಳಿಯೋದು ಅವುಗಳ ಕ್ರಮ, ಪಂಪ್‌ಸೆಟ್ ಕರೆಂಟು ರಾತ್ರಿ ಕೊಡೋದು ನಮ್ಮ ಕ್ರಮ, ಇಬ್ಬರೂ ಅದೇ ಬದುವಿನ ಮೇಲೆ ಎದುರಾಗೋದು ಅದಕ್ಕೇ. ಕರಡಿ ಇರೋ ಹಳ್ಳಿಗಳಿಗಾದ್ರೂ ಹಗಲಲ್ಲಿ ತ್ರೀಫೇಸ್ ಕೊಡಬೇಕು ಅಂತ ನಾನು ಈ ಅಂಕಣದಲ್ಲಿ ಗಟ್ಟಿಯಾಗೇ ಹೇಳ್ತೀನಿ.

*ಬಂಡೀಪುರ ರೋಡಲ್ಲಿ ಊಟಿಗೆ ಹೋಗೋವಾಗ ಆನೆ ರಸ್ತೆ ಪಕ್ಕದಲ್ಲೇ ಆರಾಮಾಗಿ ಮೇಯ್ತಿತ್ತು. ಎಲ್ಲಾ ಕಾರು ನಿಲ್ಸಿದ್ರು, ಇಬ್ಬರು ಇಳಿದು ಸೆಲ್ಫಿ ತಗೊಂಡ್ರು, ಅದು ಏನೂ ಮಾಡ್ಲಿಲ್ಲ. ಅಷ್ಟು ಭಯ ಪಡ್ಬೇಕಾ?*
ಬೆಂಗಳೂರಿನ ಓದುಗರು

ಪಡ್ಬೇಕು. 2025ರ ಆಗಸ್ಟಲ್ಲಿ ಅದೇ ಬಂಡೀಪುರದಲ್ಲಿ ಸೆಲ್ಫಿಗೆ ಇಳಿದವರೊಬ್ಬರನ್ನ ಆನೆ ಅಟ್ಟಿಸ್ಕೊಂಡು ಬಂದು ಕೆಡವಿದ ವಿಡಿಯೋ ನೀವೂ ನೋಡಿರ್ತೀರ, ಬದುಕಿದ್ದೇ ಹೆಚ್ಚು, ಆಮೇಲೆ 25,000 ರೂಪಾಯಿ ದಂಡವನ್ನೂ ಕಟ್ಟಿದ್ರು. ಅಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ 2009ರಿಂದ ಸಂಚಾರ ಬಂದ್ ಮಾಡಿರೋದೇ ರಸ್ತೇಲಿ ಸಾಯ್ತಿದ್ದ ಪ್ರಾಣಿಗಳಿಗೋಸ್ಕರ. ಹಗಲಲ್ಲಿ ನಮಗೆ ದಾರಿ ಇದೆ, ನಿಲ್ಸೋಕೆ ಇಲ್ಲ. ಹಾರ್ನ್ ಬೇಡ, ಬಾಳೆಹಣ್ಣು ಎಸೆಯೋದು ಬೇಡ, ಗಾಜು ಏರಿಸ್ಕೊಂಡು ಹೋಗ್ತಾ ಇರಿ.

*ಮನೆ ಹಿಂದಿನ ಸೌದೆ ಕೊಟ್ಟಿಗೇಲಿ ಕಾಳಿಂಗ ಸರ್ಪ ಬಂದಿತ್ತು. ಕೇರೆ ಹಾವನ್ನ ಅಟ್ಟಿಸ್ಕೊಂಡು ಬಂದು ಅಲ್ಲೇ ಹಿಡಿದು ನುಂಗ್ತು, ನಾವೆಲ್ಲಾ ಅಂಗಳದಲ್ಲಿ ನಿಂತು ನೋಡಿದ್ವಿ. ಮರೆಯೋಕೇ ಆಗಲ್ಲ. ಹಿಡಿಯೋರು ಬಂದು ದೂರದ ಘಟ್ಟಕ್ಕೆ ಬಿಟ್ಟು ಬಂದ್ರು. ಅದು ಸರಿನಾ?*
ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ನೋಡೋ ಭಾಗ್ಯ ನಿಮ್ದು. ಕಾಳಿಂಗಕ್ಕೆ ಹಾವೇ ಊಟ, ಅದರಲ್ಲೂ ಕೇರೆ ಹಾವು. ನಿಮ್ಮ ಕೊಟ್ಟಿಗೇಲಿ ಇಲಿ, ಇಲಿ ಹಿಂದೆ ಕೇರೆ, ಕೇರೆ ಹಿಂದೆ ಕಾಳಿಂಗ, ಅಷ್ಟೇ ಕಥೆ, ನಿಮ್ಮ ಮೇಲೆ ಅದಕ್ಕೆ ಏನೂ ಇರ್ಲಿಲ್ಲ. ದೂರ ಬಿಡೋದು ನನ್ನ ಪ್ರಕಾರ ಸರಿಯಲ್ಲ. ಅದಕ್ಕೆ ತನ್ನದೇ ಆದ ಓಡಾಟದ ಜಾಗ ಇರುತ್ತೆ, ಬಿಲ, ನೀರು, ಬೇಟೆ ಎಲ್ಲಿ ಅಂತ ಗೊತ್ತಿರುತ್ತೆ, ಗುರುತಿಲ್ಲದ ಘಟ್ಟದಲ್ಲಿ ಬಿಟ್ರೆ ದಿಕ್ಕು ತೋಚದೆ ಅಲೆಯುತ್ತೆ, ಇನ್ನೊಂದು ಊರಿನ ಕೊಟ್ಟಿಗೆ ಸೇರುತ್ತೆ. ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದವರು ಕಾಳಿಂಗದ ಮೈಯೊಳಗೆ ಟ್ರಾನ್ಸ್‌ಮೀಟರ್ ಇಟ್ಟು ಹಿಂದೆ ಹಿಂದೆ ನಡೆದು ಇದರ ಬದುಕನ್ನ ನೋಡಿದಾರೆ, ಅಲ್ಲಿನವರು ಊರೂರಿಗೆ ಹೋಗಿ ಹೇಳೋದೂ ಇದನ್ನೇ, ದಾರಿ ಬಿಟ್ಟು ದೂರ ನಿಲ್ಲಿ, ಬಹಳ ಸಲ ತಾನೇ ಹೋಗುತ್ತೆ, ಮನೆ ಒಳಗೇ ಸೇರ್ಕೊಂಡ್ರೆ ಮಾತ್ರ ಹಿಡಿಸಿ, ಹತ್ತಿರದ ಕಾಡಿಗೇ ಬಿಡಿಸಿ.

ಮಾರ್ಚಿಂದ ಮೇವರೆಗೆ ಹೆಣ್ಣು ಹುಡ್ಕೊಂಡು ಗಂಡು ಬಹಳ ಓಡಾಡುತ್ತೆ, ಆಮೇಲೆ ಹೆಣ್ಣು ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟುತ್ತೆ, ಹಾವುಗಳಲ್ಲಿ ಹೀಗೆ ಎಲೆ ಒಟ್ಟಿ ಗೂಡು ಕಟ್ಟೋದು ಇದೇ. ತೋಟದಲ್ಲಿ ಅಂಥಾ ಗುಡ್ಡೆ ಕಂಡ್ರೆ ಕೆದಕ್ಬೇಡಿ. ಒಂದು ಮಾತು ಮಾತ್ರ ಒತ್ತಿ ಹೇಳ್ತೀನಿ. ನಮ್ಮ ಆಸ್ಪತ್ರೆಗಳಲ್ಲಿ ಸಿಗೋ ಆಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿರೋದು, ಕಾಳಿಂಗದ್ದು ಅದರಲ್ಲಿಲ್ಲ. ಹಾಗಾಗಿ ಹೆಡೆ ಎತ್ತಿಸಿ ರೀಲ್ಸ್ ಮಾಡೋರನ್ನ ನಿಮ್ಮ ಅಂಗಳಕ್ಕೆ ಸೇರಿಸ್ಬೇಡಿ.

*ಚಿಕ್ಕವನಿದ್ದಾಗ ಅಜ್ಜನ ಜೊತೆ ರಾತ್ರಿ ತೋಪಲ್ಲಿ ಹೋಗೋವಾಗ ಲಾಟೀನು ಬೆಳಕಿಗೆ ಮರದಲ್ಲಿ ಎರಡು ಕೆಂಪು ಕಣ್ಣು ಕಂಡಿದ್ವು. ಅಜ್ಜ "ಕಾಡುಪಾಪ, ನೋಡ್ಬೇಡ, ಅಪಶಕುನ" ಅಂದ್ರು. ಈಗ ನನ್ನ ಮಗಳು ಅದರ ಚಿತ್ರ ನೋಡಿ ಊರಿಗೆ ಹೋದಾಗ ತೋರ್ಸು ಅಂತಿದಾಳೆ. ಇನ್ನೂ ಇದ್ಯಾ?*
ಮಸ್ಕತ್‌ನಲ್ಲಿರೋ ತುಮಕೂರು ಕಡೆಯ ಓದುಗರು

ಇದೆ! ತುಮಕೂರು ಹತ್ರದ ನಾಗವಲ್ಲಿ ಈ ಕಾಡುಪಾಪಕ್ಕೇ ಹೆಸರಾದ ಊರು. ನಾನು ನೋಡಿದ್ದೂ ಆ ಸೀಮೆಯಲ್ಲೇ, ಟಾರ್ಚಿಗೆ ಕೆಂಪು ಗಾಜಿನ ಕಾಗದ ಸುತ್ಕೊಂಡು, ಊರಿನ ಗೆಳೆಯರ ಜೊತೆ, ಜಾಲಿ ಮರದ ಬೇಲಿಯಲ್ಲಿ. ಕಾಲು ಕೆಜಿ ಆಸುಪಾಸಿನ ಪ್ರಾಣಿ, ಬಾಲ ಇಲ್ಲ, ಕೈಕಾಲು ಕಡ್ಡಿ ಕಡ್ಡಿ. ಹಿಂಗಾಲಲ್ಲಿ ಕೊಂಬೆ ಹಿಡಿದು ತಲೆಕೆಳಗಾಗಿ ಇಳಿಬಿದ್ದು, ಬಹಳ ಹೊತ್ತು ಅಲ್ಲಾಡದೆ ಇದ್ದು, ಇದ್ದಕ್ಕಿದ್ದ ಹಾಗೆ ಎರಡೂ ಕೈಲಿ ಒಂದು ಮಿಡತೆ ಹಿಡೀತು, ರೆಕ್ಕೆ ಸಮೇತ ಕಟಕಟ ಅಂತ ಅಗಿದು ತಿಂತು, ತಿಂದಾದ್ಮೇಲೆ ತನ್ನ ಮೂತ್ರದಲ್ಲೇ ಕೈ ಒದ್ದೆ ಮಾಡ್ಕೊಂಡು ಉಜ್ಜಿಕೊಳ್ತು. ಆ ಬೆರಳುಗಳು ಹಸುಗೂಸಿನ ಬೆರಳ ಹಾಗಿವೆ, ಪುಟ್ಟ ಪುಟ್ಟ ಉಗುರು ಸಮೇತ.

ಅಜ್ಜನ ತಪ್ಪೇನಿಲ್ಲ, ಅವರ ಕಾಲದಲ್ಲಿ ಎಲ್ಲರೂ ಹಂಗೇ ಹೇಳ್ತಿದ್ದಿದ್ದು. ಆದ್ರೆ ಆ ಅಪಶಕುನದ ಮಾತಿಂದ, ಮಾಟ-ಮದ್ದಿನ ನಂಬಿಕೆಯಿಂದ ಎಷ್ಟೋ ಕಾಡುಪಾಪ ಸತ್ತಿವೆ, ಹಿಡಿದು ಮಾರೋದೂ ನಡೆದಿದೆ. ಕಾನೂನಲ್ಲಿ ಹುಲಿ, ಆನೆಗೆ ಇರೋ ರಕ್ಷಣೇನೇ ಇದಕ್ಕೂ ಇದೆ. ಈಗಿನ ದೊಡ್ಡ ತೊಂದ್ರೆ ಬೇರೆ, ಇದು ನೆಗೆಯೋ ಪ್ರಾಣಿ ಅಲ್ಲ, ಕೊಂಬೆಯಿಂದ ಕೊಂಬೆಗೆ ಕೈ ಚಾಚಿ ಹೋಗೋದು, ರಸ್ತೆ ಅಗಲ ಮಾಡೋಕೆ ಸಾಲುಮರ ಕಡಿದ್ರೆ, ಹಳೇ ಬೇಲಿ ತೆಗೆದು ತಂತಿ ಹಾಕಿದ್ರೆ ಅದಕ್ಕೆ ದಾಟೋ ದಾರಿನೇ ಇರಲ್ಲ, ಕರೆಂಟ್ ತಂತಿ ಹಿಡಿದು ಸಾಯುತ್ತೆ. ಮಗಳನ್ನ ಕರ್ಕೊಂಡು ಬನ್ನಿ. ಊರಿನವರ ಜೊತೆ ಹೋಗಿ, ಬಿಳಿ ಟಾರ್ಚು, ಫ್ಲ್ಯಾಶ್ ಬೇಡ, ಕೆಂಪು ಬೆಳಕು ಸಾಕು. ನಿಮ್ಮ ತೋಪಲ್ಲಿ ಹಳೇ ಬೇಲಿ ಇನ್ನೂ ಇದ್ರೆ ತೆಗೆಸ್ಬೇಡಿ.

*ಸರ್, ನಾನು ಎಂಟನೇ ಕ್ಲಾಸು. ಹೊಳೀ ದಂಡಿಗೆ ಬಟ್ಟಿ ಒಗೆಯಾಕ ಅವ್ವನ ಕೂಡ ಹೋದಾಗ ನೀರಾಗ ಐದಾರು ತಲಿ ಕಂಡ್ವು, ಸೀಟಿ ಹೊಡದಂಗ ಕೂಗತಿದ್ವು. ಮೊಸಳಿ ಅಂತ ಅಂಜಿ ಓಡಿ ಬಂದ್ವಿ. ಏನವು?*
ಕಂಪ್ಲಿ ಕಡೆಯ ಓದುಗ

ನೀರುನಾಯಿ ಪುಟ್ಟಾ. ಸೀಟಿ ಹೊಡೆಯೋ ಹಾಗೆ ಕೂಗಿದ್ದು ಅಂದ್ರೆ ಅವೇ, ಮೊಸಳೆ ಹಂಗೆ ಕೂಗಲ್ಲ, ಹೀಗೆ ಗುಂಪಾಗಿ ತಲೆ ಎತ್ತಿ ನೋಡೋದೂ ಇಲ್ಲ. ಅದು ಒಂದು ಕುಟುಂಬ, ನಿಮ್ಮನ್ನ ನೋಡಿ ಒಂದಕ್ಕೊಂದು ಎಚ್ಚರ ಹೇಳ್ಕೊಳ್ತಿದ್ವು. ನಿಮ್ಮ ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನ 2015ರಲ್ಲಿ ನೀರುನಾಯಿಗಳಿಗೇ ಅಂತ ಮೀಸಲು ಮಾಡಿದಾರೆ. ಮೀನು ಹಿಡಿಯೋಕೆ ನೀರಲ್ಲಿ ಸಿಡಿಮದ್ದು ಹಾಕೋದು, ಮರಳು ತೆಗೆಯೋದು, ಇವೆರಡೇ ಅವಕ್ಕೆ ದೊಡ್ಡ ಶತ್ರು. ಸಿಡಿಮದ್ದಿನ ಸದ್ದು ಕೇಳಿದ್ರೆ ದೊಡ್ಡವರಿಗೆ ಹೇಳಿ 1926ಕ್ಕೆ ಫೋನ್ ಮಾಡಿಸು, ಅದು ಅರಣ್ಯ ಇಲಾಖೆ ಸಹಾಯವಾಣಿ. ಮೊಸಳೆಯೂ ಆ ಹೊಳೇಲಿ ಇದೆ, ಆದ್ದರಿಂದ ನೀರಿಗೆ ಇಳೀಬೇಡ, ದಂಡೆ ಮೇಲಿಂದಲೇ ನೋಡು. ಬಂಡೆ ಮೇಲೆ ಮೀನಿನ ಪೊರೆ, ಏಡಿ ಚಿಪ್ಪು ಸೇರಿರೋ ವಾಸನೆಯ ಹಿಕ್ಕೆ ಇದೆಯಾ ಹುಡುಕು, ಅವು ಗುರುತಿಗೆ ಅಂತ ಅಲ್ಲೇ ಹಾಕೋದು. ಸಿಕ್ಕಿದ್ರೆ ಯಾವ ಬಂಡೆ, ಎಷ್ಟು ಗಂಟೆಗೆ ಅಂತ ಬರೆದು ಕಳಿಸು, ಮುಂದಿನ ಸಂಚಿಕೇಲಿ ನಿನ್ನ ಪತ್ರವನ್ನೇ ಮೊದಲು ಹಾಕ್ತೀನಿ.