ಗಂಟೆ ನೋಡಿ ಮಾತ್ರೆ

ಹೊಸನಗರ ಕಡೆಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ. ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ (ಅಫೀಮಿನಿಂದ ತಯಾರಾಗುವ ನೋವಿನ ಔಷಧ) ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸಿದ್ದಾರೆ. ‘ಚಟ ಹತ್ತೀತೆಂಬ ಹೆದರಿಕೆ. ತಡೆಯಲಾಗದಾಗ ಮಾತ್ರ ನುಂಗುತ್ತೇನೆ. ರಾತ್ರಿ ನರಳಿದರೆ ಸೊಸೆಗೆ ನಿದ್ದೆಗೇಡು ಅಂತ ಬಾಯಿಗೆ ಸೆರಗು ಕಚ್ಚಿಕೊಂಡು ಮಲಗುತ್ತೇನೆ. ಎಷ್ಟು ಅಂತ ಸಹಿಸುವುದು?’

ಅಮ್ಮಾ, ಸೆರಗಿನ ಮಾತಿಗೆ ಬಂದಾಗ ಪತ್ರ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಡಾಕ್ಟರಲ್ಲ. ಆದರೆ ಒಂದು ಮಾತು ಖಂಡಿತ ಹೇಳಬಲ್ಲೆ: ಸಹಿಸಬೇಡಿ.

ತಡೆಯಲಾಗದಷ್ಟು ಆಗುವ ತನಕ ಕಾದರೆ ನೋವು ಆಗಲೇ ಏರಿ ಕೂತಿರುತ್ತದೆ. ನುಂಗಿದ ಮಾತ್ರೆ ಕೆಲಸ ಶುರುಮಾಡಲು ಅರ್ಧ ಗಂಟೆಯಾದರೂ ಬೇಕು. ಕ್ಯಾನ್ಸರ್ ನೋವಿಗೆ ಔಷಧ ಗಡಿಯಾರ ನೋಡಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಒಂದು ಮಾತ್ರೆಯ ಬಲ ಇಳಿಯುವ ಮೊದಲೇ ಇನ್ನೊಂದು ಹೊಟ್ಟೆಯಲ್ಲಿರಬೇಕು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೆ ಹೊತ್ತು ಬರೆದಿಡಿ. ಪಕ್ಕದಲ್ಲಿ ನೋವಿಗೂ ಅಂಕ ಕೊಡಿ: ಏನೂ ಇಲ್ಲದಿದ್ದರೆ ಸೊನ್ನೆ, ತಡೆಯಲಾರದ್ದಕ್ಕೆ ಹತ್ತು. ಡಾಕ್ಟರ ಮುಂದೆ ‘ಪರವಾಗಿಲ್ಲ’ ಅನ್ನುವುದು ನಮ್ಮ ಕಡೆ ಹೆಂಗಸರ ಅಭ್ಯಾಸ. ಆ ಹಾಳೆ ಸುಳ್ಳು ಹೇಳುವುದಿಲ್ಲ.

ಡಾಕ್ಟರು ಹೇಳಿದಂತೆ ನೋವಿಗೆ ತೆಗೆದುಕೊಂಡರೆ ಚಟ ಹತ್ತುವುದು ಅಪರೂಪ. ಆದರೆ ದಿಢೀರನೆ ಬಿಡಬೇಡಿ, ಅಳತೆಯನ್ನು ನೀವೇ ಹೆಚ್ಚಿಸಲೂ ಬೇಡಿ. ಮಲಬದ್ಧತೆ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ. ಬಾಳೆಹಣ್ಣು, ಬಿಸಿನೀರು ನಂಬಿ ಕೂರದೆ ಅದಕ್ಕೂ ಔಷಧ ಕೇಳಿ. ಮೊದಲ ಕೆಲವು ದಿನ ಮಂಪರು ಸಹಜ. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ ತಕ್ಷಣ ಆಸ್ಪತ್ರೆ. ಕಾಲು ಜೋಮು ಹಿಡಿದರೆ, ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅದು ಬೆನ್ನುಹುರಿ ಒತ್ತುತ್ತಿರುವ ಲಕ್ಷಣ ಇರಬಹುದು. ಬೆಳಗಾಗಲಿ ಅನ್ನಬೇಡಿ.

ಆರಿದ್ರೆ ಮಳೆ ಹಿಡಿದರೆ ಕಾಲುಸಂಕ ಮುಳುಗುತ್ತದೆ ಅಂದಿದ್ದೀರಿ. ಮಾರ್ಫಿನ್ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆ ಬಿಗಿಯಾಗಿತ್ತು; 2014ರಲ್ಲಿ ತಿದ್ದಿದ ಮೇಲೂ ಹೆಚ್ಚಾಗಿ ಮಾನ್ಯತೆ ಪಡೆದ ಆಸ್ಪತ್ರೆಗಳಿಗೇ ಹೋಗಬೇಕು. ವಾರದ ಮಾತ್ರೆ ಉಳಿದಿರುವಾಗಲೇ ಮಗನನ್ನು ಚೀಟಿ ಸಮೇತ ಕಳಿಸಿ. ಡಬ್ಬಿ ಮಕ್ಕಳ ಕೈಗೆ ಎಟುಕದಿರಲಿ.

ಇನ್ನೊಂದು ವಿಷಯ. ನಿಮ್ಮ ಪತ್ರದ ಹಿಂಬದಿಯಲ್ಲಿ ಬೇರೆ ಅಕ್ಷರದ ಒಂದು ಸಾಲಿದೆ. ಅಂಚೆಗೆ ಹಾಕುವಾಗ ಸೇರಿಸಿದ್ದಿರಬೇಕು, ನೀವು ನೋಡಿರಲಿಕ್ಕಿಲ್ಲ: ‘ಅತ್ತೆಗೆ ಹೇಳಿ ಸರ್, ನಂಗೆ ರಾತ್ರಿ ಎಚ್ಚರಾನೇ ಇರುತ್ತೆ.’