ತಾಯತದಲ್ಲಿರುವ ಹೊಕ್ಕಳಬಳ್ಳಿಯಿಂದ ಮಗ ಮರಳಿ ಬರಬಲ್ಲನೇ?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರ. ಎರಡು ವರ್ಷಗಳ ಹಿಂದೆ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ನಮ್ಮ ಮಗ ಬೈಕ್ ಅಪಘಾತದಲ್ಲಿ ತೀರಿಕೊಂಡ. ಅಂದಿನಿಂದ ನನ್ನ ಹೆಂಡತಿ ನೆಟ್ಟಗೆ ಉಂಡಿಲ್ಲ, ಮಲಗಿಲ್ಲ. ಮಗನ ಹೊಕ್ಕಳಬಳ್ಳಿಯನ್ನು ಬೆಳ್ಳಿಯ ತಾಯತದಲ್ಲಿ ಹಾಕಿಸಿ ಇಂದಿಗೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ. ಅದರಲ್ಲಿನ ಜೀವಕೋಶದಿಂದ ವಿದೇಶದಲ್ಲಿ ಕ್ಲೋನಿಂಗ್ ಮಾಡಿಸಿ ಅದೇ ಮಗನನ್ನು ಮತ್ತೆ ಪಡೆಯಬಹುದು, ಮೊದಲ ಕಂತಾಗಿ ನಾಲ್ಕು ಲಕ್ಷ ಕಟ್ಟಬೇಕು ಎಂದು ಪರಿಚಯದವರೊಬ್ಬರು ಹೇಳಿದ್ದಾರೆ. ಎರಡು ಎಕರೆ ಪಡ (ದ್ರಾಕ್ಷಿ ತೋಟ) ಮಾರೋಣ ಎಂದು ಹೆಂಡತಿ ಹಟ ಹಿಡಿದಿದ್ದಾಳೆ. ಸೋಮವಾರ ಅವರು ತಾಯತ ಒಯ್ಯಲು ಬರುತ್ತಾರೆ. ಪಿಯುಸಿ ಓದುವ ಮಗಳು, "ಹಂಗಾದ್ರ ನಾ ಯಾರಿಗೆ ಬೇಕು?" ಎಂದು ಕೇಳಿದಳು. ಇದು ಆಗುವ ಮಾತೇ? ಬಯಸುವುದು ತಪ್ಪೇ? ಹೆಂಡತಿಗೆ ಏನು ಹೇಳಲಿ?

ಉತ್ತರ: ಅಣ್ಣನವರೇ, ಸೋಮವಾರ ಹತ್ತಿರದಲ್ಲಿರುವುದರಿಂದ ಮೊದಲಿಗೇ ಹೇಳಿಬಿಡುತ್ತೇನೆ. ಇದು ಆಗುವ ಮಾತಲ್ಲ. ಹಣವನ್ನೂ ಕೊಡಬೇಡಿ, ತಾಯತವನ್ನೂ ಕೊಡಬೇಡಿ. ಏಕೆಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ಮನೆಯವರಿಗೆ ಬರಿಯ "ಬೇಡ" ಎಂಬ ಮಾತು ಸಾಲುವುದಿಲ್ಲ.

ಕ್ಲೋನಿಂಗ್, ಅಂದರೆ ಒಂದು ಜೀವಿಯ ತದ್ರೂಪಿಯನ್ನು ಹುಟ್ಟಿಸುವುದು, ಎಂಬ ಶಬ್ದ ಹೊಸದಾದರೂ ಅದರ ಒಂದು ರೂಪ ನಿಮ್ಮ ಪಡದಲ್ಲೇ ಇದೆ. ಡಾಗ್ರಿಜ್ ತಳಿಯ ಬೇರುಸಸಿಗೆ ನೀವು ಕಸಿ ಕಟ್ಟಿದ ಥಾಮ್ಸನ್ ದ್ರಾಕ್ಷಿಯ ಕಡ್ಡಿ ಮತ್ತೊಂದು ಬಳ್ಳಿಯಿಂದ ಬಂದದ್ದು, ಆ ಬಳ್ಳಿಯ ಕಡ್ಡಿ ಅದಕ್ಕೂ ಹಿಂದಿನ ಬಳ್ಳಿಯಿಂದ ಬಂದದ್ದು. ವಂಶವಾಹಿಯ ಲೆಕ್ಕದಲ್ಲಿ ಅವೆಲ್ಲ ಹೆಚ್ಚುಕಡಿಮೆ ಒಂದೇ ಗಿಡ. ಹಾಗಿದ್ದೂ ಬದುವಿನ ಬೇವಿನ ಮರದ ನೆರಳಿಗೆ ಸಿಕ್ಕ ಸಾಲಿನ ಗೊನೆಯೂ ನಡುವಿನ ಸಾಲಿನ ಗೊನೆಯೂ ಒಂದೇ ಬಗೆಯಾಗಿ ಬರುವುದಿಲ್ಲ, ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವ ಕೆಲಸದ) ನಂತರ ಮಳೆ ಹಿಡಿದ ವರ್ಷದ ಫಸಲು ಹಿಂದಿನ ವರ್ಷದಂತಿರುವುದಿಲ್ಲ. ಬಳ್ಳಿಯ ಮಾತೇ ಹೀಗಿರುವಾಗ ಮನುಷ್ಯನ ಮಾತು ಎಷ್ಟು ದೂರದ್ದೆಂಬುದನ್ನು ನೀವೇ ಯೋಚಿಸಬಲ್ಲಿರಿ.

ಪ್ರಾಣಿಗಳಲ್ಲಿ ಈ ಕೆಲಸ ಕಡ್ಡಿ ನೆಟ್ಟಷ್ಟು ಸುಲಭವಲ್ಲ. ಹೆಣ್ಣಿನ ಅಂಡಾಣುವಿನಿಂದ ಅದರ ಕೋಶಕೇಂದ್ರವನ್ನು ತೆಗೆದು, ಆ ಜಾಗದಲ್ಲಿ ಬೇರೊಂದು ಜೀವಿಯ ದೇಹದ ಕೋಶದ ಕೇಂದ್ರವನ್ನು ಕೂರಿಸಿ, ವಿದ್ಯುತ್ತಿನ ಸಣ್ಣ ಆಘಾತದಿಂದ ಅದು ಭ್ರೂಣವಾಗಿ ಬೆಳೆಯುವಂತೆ ಮಾಡಿ, ಬಳಿಕ ಒಂದು ಗರ್ಭಕೋಶದಲ್ಲಿ ಇಡಬೇಕಾಗುತ್ತದೆ. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಇಯಾನ್ ವಿಲ್ಮಟ್, ಕೀತ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಆರು ವರ್ಷದ ಕುರಿಯೊಂದರ ಕೆಚ್ಚಲಿನ ಕೋಶದಿಂದ 1996ರ ಜುಲೈನಲ್ಲಿ ಡಾಲಿ ಎಂಬ ಕುರಿಮರಿಯನ್ನು ಪಡೆದದ್ದು ಹೀಗೆಯೇ. ಅವರ ಬಳಿ ಇದ್ದದ್ದು ಪ್ರಯೋಗಾಲಯದಲ್ಲಿ ಜೋಪಾನವಾಗಿ ಬೆಳೆಸಿ ಕಾಪಾಡಿದ ಜೀವಂತ ಕೋಶಗಳು. ನಮ್ಮ ಅಜ್ಜಿಯ ಟ್ರಂಕಿನಲ್ಲೂ ಇಂಥದೊಂದು ತಾಯತ ಇತ್ತು. ಅದನ್ನು ಒಮ್ಮೆ ಬಿಚ್ಚಿ ನೋಡಿದಾಗ ಒಳಗಿದ್ದುದು ಲವಂಗದಷ್ಟು ಕಪ್ಪಗೆ, ಗಟ್ಟಿಯಾಗಿ ಒಣಗಿದ ತುಣುಕು. ಇಪ್ಪತ್ತು ವರ್ಷ ಒಣಗಿ ಕೂತ ಅಂಥ ತುಣುಕಿನಲ್ಲಿ ಒಂದೂ ಕೋಶ ಜೀವಂತ ಉಳಿದಿರುವುದಿಲ್ಲ. ಆ ಪರಿಚಯಸ್ಥರಿಗೆ ಇಷ್ಟೂ ಗೊತ್ತಿಲ್ಲದಿದ್ದರೆ ಅವರು ನಂಬಲು ಯೋಗ್ಯರಲ್ಲ. ಗೊತ್ತಿದ್ದೂ ಕೇಳಿದ್ದರೆ ಅದು ಮಕ್ಕಳನ್ನು ಕಳೆದುಕೊಂಡವರ ಮನೆಗೆ ಹಾಕಿದ ಕನ್ನ.

ಮನುಷ್ಯನನ್ನು ಹೀಗೆ ಹುಟ್ಟಿಸಿದ್ದಕ್ಕೆ ಜಗತ್ತಿನಲ್ಲಿ ಎಲ್ಲಿಯೂ ಪುರಾವೆಯಿಲ್ಲ. 2002ರ ಡಿಸೆಂಬರಿನಲ್ಲಿ ಒಂದು ಸಂಸ್ಥೆ ಅಂಥ ಮಗು ಹುಟ್ಟಿದೆಯೆಂದು ಸಾರಿತ್ತಾದರೂ ಆ ಮಗುವನ್ನಾಗಲಿ, ಪರೀಕ್ಷೆಯ ವರದಿಯನ್ನಾಗಲಿ ಯಾರ ಮುಂದೆಯೂ ಇಡಲಿಲ್ಲ. ನಮ್ಮ ದೇಶದಲ್ಲಿ 2017ರ ರಾಷ್ಟ್ರೀಯ ಕಾಂಡಕೋಶ (ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಅಂಗಾಂಶವಾಗಿ ಬೆಳೆಯಬಲ್ಲ ಮೂಲಕೋಶ) ಸಂಶೋಧನಾ ಮಾರ್ಗಸೂಚಿಯು ಮಗುವನ್ನು ಹುಟ್ಟಿಸುವ ಕ್ಲೋನಿಂಗನ್ನು ನಿಷೇಧಿಸಿದೆ.

ಇನ್ನು ಅಪಾಯದ ಮಾತು. ಇದನ್ನು ನಿಮ್ಮ ಮನೆಯವರಿಗೆ ಅಂಕಿಗಳಲ್ಲೇ ಹೇಳಿ. ಡಾಲಿಗಾಗಿ 277 ಅಂಡಾಣುಗಳ ಮೇಲೆ ಪ್ರಯತ್ನ ನಡೆಯಿತು, ಅವುಗಳಲ್ಲಿ 29 ಭ್ರೂಣಗಳಾದವು, ಅವನ್ನು 13 ಕುರಿಗಳ ಗರ್ಭದಲ್ಲಿ ಇಟ್ಟದ್ದಾಯಿತು, ಬದುಕಿ ಹುಟ್ಟಿದ್ದು ಒಂದೇ ಮರಿ. ನಮ್ಮವರೇ ಆದ ಕರ್ನಾಲ್‌ನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2009ರ ಫೆಬ್ರವರಿಯಲ್ಲಿ ಎಮ್ಮೆಯ ಕರುವೊಂದನ್ನು ಈ ವಿಧಾನದಿಂದ ಪಡೆದಾಗ ಅದು ಕೆಲವೇ ದಿನ ಬದುಕಿತು. ಅದೇ ವರ್ಷ ಜೂನ್‌ನಲ್ಲಿ ಹುಟ್ಟಿದ ಗರಿಮಾ ಎಂಬ ಕರು ಎರಡು ವರ್ಷದ ಮೇಲೆ ತೀರಿಕೊಂಡಿತು. ಹೀಗೆ ಹುಟ್ಟುವ ಪ್ರಾಣಿಗಳಲ್ಲಿ ಗರ್ಭಪಾತ, ಮಿತಿಮೀರಿ ದೊಡ್ಡದಾದ ಮರಿ, ಹೃದಯ ಮತ್ತು ಶ್ವಾಸಕೋಶದ ದೋಷಗಳು ಪದೇ ಪದೇ ಕಂಡುಬಂದಿವೆ. ಇದನ್ನೇ ಮನುಷ್ಯರಿಗೆ ಹೊಂದಿಸಿ ನೋಡಿದರೆ ಎಷ್ಟು ಹೆಣ್ಣುಮಕ್ಕಳು ಅಂಡಾಣುವಿಗಾಗಿ ಚುಚ್ಚುಮದ್ದು ತೆಗೆದುಕೊಳ್ಳಬೇಕು, ಎಷ್ಟು ಬಸಿರು ನಿಲ್ಲದೆ ಹೋಗಬೇಕು, ಎಷ್ಟು ಕೂಸುಗಳು ಹುಟ್ಟಿ ನಾಲ್ಕು ದಿನಕ್ಕೆ ಮಣ್ಣಾಗಬೇಕು? ಮಗನನ್ನು ಮಣ್ಣಿಗಿಟ್ಟು ಬಂದ ತಾಯಿ, ಅದೇ ಸಂಕಟ ಇನ್ನೊಬ್ಬ ಹೆಣ್ಣಿಗೆ ಬರಲೆಂದು ಬಯಸುವವರಲ್ಲ ಎಂಬ ನಂಬಿಕೆ ನನಗಿದೆ.

ಆದರೆ ಈ ವಿದ್ಯೆಯೇ ಕೆಟ್ಟದ್ದೆಂದು ಅವರಿಗೆ ಹೇಳಬೇಡಿ, ಅದು ಸುಳ್ಳಾಗುತ್ತದೆ. ರೋಗಿಯದೇ ವಂಶವಾಹಿಯುಳ್ಳ ಭ್ರೂಣವನ್ನು ಪ್ರಯೋಗಾಲಯದಲ್ಲಿ ಕೆಲವು ದಿನ ಬೆಳೆಸಿ, ಅದರಿಂದ ಕಾಂಡಕೋಶಗಳನ್ನು ಪಡೆದರೆ, ದೇಹ ತಿರಸ್ಕರಿಸದಂಥ ಅಂಗಾಂಶವನ್ನು ಬೆಳೆಸಬಹುದೆಂಬ ಆಸೆ ವೈದ್ಯರಿಗಿದೆ. 2013ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಶೌಖ್ರತ್ ಮಿಟಾಲಿಪೋವ್ ಅವರ ತಂಡ ಮನುಷ್ಯರ ಕೋಶದಿಂದ ಅಂಥ ಕಾಂಡಕೋಶಗಳನ್ನು ಪಡೆದು ತೋರಿಸಿತು. ಜಪಾನಿನ ಶಿನ್ಯಾ ಯಮನಾಕಾ ಅವರು 2006ರಲ್ಲಿ ಇಲಿಯ ಚರ್ಮದ ಕೋಶವನ್ನೇ, ಮರುವರ್ಷ ಮನುಷ್ಯರ ಕೋಶವನ್ನು, ಭ್ರೂಣವಿಲ್ಲದೆ ಕಾಂಡಕೋಶದಂತೆ ಮಾರ್ಪಡಿಸಿ, 2012ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಬದುಕಿರುವವರ ನೋವನ್ನು ಕಡಿಮೆ ಮಾಡುವ ಈ ದಾರಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಹೋದವರನ್ನು ಕರೆತರುವ ದಾರಿ ಇದಲ್ಲ.

ಒಂದು ವೇಳೆ ಎಲ್ಲವೂ ಸುಸೂತ್ರವಾಗಿ ನಡೆದು ಕೂಸು ಹುಟ್ಟಿತೆಂದೇ ಇಟ್ಟುಕೊಳ್ಳೋಣ. ಅದು ನಿಮ್ಮ ಮಗನಿಗೆ ಬಹಳ ತಡವಾಗಿ ಹುಟ್ಟಿದ ಅವಳಿಯಂತಿರುತ್ತದೆ, ಅಷ್ಟೇ. ಒಂದೇ ಬಸಿರಿನ ತದ್ರೂಪಿ ಅವಳಿಗಳ ಬೆರಳಚ್ಚು ಕೂಡ ಬೇರೆ ಬೇರೆಯಾಗಿರುತ್ತದೆ. 2001ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಕ್ಲೋನ್ ಮಾಡಿದ ಮೊದಲ ಬೆಕ್ಕಿನ ಮೈಬಣ್ಣವೇ ಮೂಲ ಬೆಕ್ಕಿನದರಂತಿರಲಿಲ್ಲ. ನಿಮ್ಮ ಮಗ ಈಜಿದ ಬಾವಿ, ಜಗಳವಾಡಿದ ತಂಗಿ, ಜೊತೆಗೆ ಬೈಕ್ ಏರಿದ ಗೆಳೆಯರು, ಯಾವುದೂ ಆ ಕೂಸಿನ ನೆನಪಿನಲ್ಲಿ ಇರುವುದಿಲ್ಲ. ಇದ್ದರೆ ನಿಮ್ಮ ನೆನಪಿನಲ್ಲಿ ಮಾತ್ರ. ಅದು ಅಣ್ಣನಂತೆ ನಗದಿದ್ದರೆ ನಿಮ್ಮ ಮನೆಯವರ ಮುಖ ಬಾಡುತ್ತದೆ, ಅದಕ್ಕೆ ಹತ್ತೊಂಬತ್ತು ತುಂಬುವ ವರ್ಷ ಇಡೀ ಮನೆ ಉಸಿರು ಬಿಗಿಹಿಡಿದು ಕೂರುತ್ತದೆ. ಬಯಸುವುದು ತಪ್ಪೇ ಎಂದು ಕೇಳಿದ್ದೀರಿ. ಬಯಕೆ ತಪ್ಪಲ್ಲ, ಹೆತ್ತ ಕರುಳು ಮತ್ತೇನನ್ನು ಬಯಸೀತು! ಆದರೆ ಇನ್ನೂ ಹುಟ್ಟದ ಒಂದು ಕೂಸಿನ ಹೆಗಲ ಮೇಲೆ ಹೋದವನ ಹೆಸರನ್ನು ಹೊರಿಸುವುದು ಆ ಕೂಸಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ.

ಮನೆಯವರೊಂದಿಗೆ ಮಾತಾಡುವಾಗ ವಿಜ್ಞಾನದಿಂದ ಆರಂಭಿಸಬೇಡಿ. ಟ್ರಂಕು ತೆಗೆದು ಇಬ್ಬರೂ ಕೂತು, ಎರಡು ವರ್ಷದಲ್ಲಿ ಒಮ್ಮೆಯಾದರೂ ಮಗನ ಹೆಸರು ಹಿಡಿದು ಒಟ್ಟಿಗೆ ಅತ್ತಿದ್ದೀರಾ? ನಿಮ್ಮ ಪತ್ರದಲ್ಲಿ ಅವರ ದುಃಖವಿದೆ, ನಿಮ್ಮದು ಎಲ್ಲಿಯೂ ಕಾಣಲಿಲ್ಲ. ಗಂಡ ಪಡದ ಕೆಲಸದಲ್ಲಿ ಮುಳುಗಿ ಸುಮ್ಮನಾದ ಮನೆಯಲ್ಲಿ ಹೆಂಡತಿಗೆ ತಾನೊಬ್ಬಳೇ ಮಗನನ್ನು ಕಳೆದುಕೊಂಡಿದ್ದೇನೆ ಎಂದು ಅನಿಸುವುದುಂಟು. ಊಟ, ನಿದ್ದೆ ಎರಡು ವರ್ಷ ಕೆಟ್ಟಿರುವುದಕ್ಕೆ ಚಿಕಿತ್ಸೆ ಬೇಕು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದೊಯ್ಯಿರಿ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣವಿಲ್ಲ. ಇನ್ನೊಂದು ಮಗು ಬೇಕೋ ಬೇಡವೋ ಎಂಬುದನ್ನು ಅವರು ಸುಧಾರಿಸಿಕೊಂಡ ಮೇಲೆ, ಆ ಮಗುವಿಗಾಗಿಯೇ ಯೋಚಿಸಿ.

ಮಗಳ ಪ್ರಶ್ನೆಯನ್ನು ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ನಾನು ಅದನ್ನು ಓದಿ ಬಹಳ ಹೊತ್ತು ಕೂತಿದ್ದೆ. ಅಣ್ಣನನ್ನು ಕಳೆದುಕೊಂಡವಳು ಅವಳೂ ಹೌದು, ಅವಳಿಗೆ ಯಾರೂ ಸಾಂತ್ವನ ಹೇಳಿದಂತೆ ತೋರುವುದಿಲ್ಲ. ಮಾರಲು ಹೊರಟ ಆ ಎರಡು ಎಕರೆಯಲ್ಲಿ ಅವಳ ಓದಿದೆ, ಅವಳ ಪಾಲಿದೆ. ಸೋಮವಾರ ಆ ವ್ಯಕ್ತಿ ಬಂದಾಗ ಅವಳನ್ನೂ ಜಗಲಿಯ ಮೇಲೆ ನಿಮ್ಮ ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಕೇಳುವಂತೆಯೇ "ನಮಗೆ ಬೇಡ" ಎಂದು ಹೇಳಿ ಕಳುಹಿಸಿ. ತಾಯತ ಟ್ರಂಕಿನಲ್ಲೇ ಇರಲಿ.